ಯಾವ ಖಾನಾವಳಿ ಛಲೋ?

ಬೆಂಗಳೂರು, ಮೈಸೂರಿನ ಕಡೆಯಿಂದ ಸಮ್ಮೇಳನಕ್ಕೋ, ಪರೀಕ್ಷೆಯ ಕೆಲಸಕ್ಕೋ, ಗಾಣಗಾಪುರದ ದರ್ಶನಕ್ಕೋ ಬರುವ ಗೆಳೆಯರು ಕಲಬುರಗಿ ಸ್ಟೇಷನ್ನಿನಲ್ಲಿ ಇಳಿದು, ನಮ್ಮ ಬಿಸಿಲಿಗೆ ಒಮ್ಮೆ ಕಣ್ಣು ಕಿರಿದು ಮಾಡಿಕೊಂಡು ಕೇಳುವ ಮೊದಲ ಪ್ರಶ್ನೆ ಒಂದೇ: "ಇಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತೆ ಸಾರ್?" ಅಫಜಲಪುರ ತಾಲ್ಲೂಕಿನ ಹಳ್ಳಿಯಲ್ಲಿ ಹುಟ್ಟಿ, ಆಳಂದದಲ್ಲಿ ಮೊದಲ ನೌಕರಿ ಮಾಡಿ, ಜೇವರ್ಗಿಯಲ್ಲಿ ನಿವೃತ್ತನಾದವನು ನಾನು. ಐವತ್ತು ವರ್ಷ ಈ ಮೂರು ತಾಲ್ಲೂಕುಗಳ ರೊಟ್ಟಿ ಉಂಡ ಹಲ್ಲುಗಳಲ್ಲಿ ಈಗ ಅರ್ಧ ಮಾತ್ರ ಉಳಿದಿವೆ. ಆದ್ದರಿಂದ ಈ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ನನಗಿದೆ ಎಂದೇ ಬಹುಕಾಲ ತಿಳಿದಿದ್ದೆ. ಬಾಯಿಪಾಠವಾದ ಪಟ್ಟಿಯೊಂದು ನನ್ನಲ್ಲಿತ್ತು.

ಒಮ್ಮೆ ಇದೇ ಪಟ್ಟಿಯನ್ನು ಜೇವರ್ಗಿ ತಾಲ್ಲೂಕಿನ ನನ್ನ ಹಳೆಯ ಗೆಳೆಯನ ಎದುರಿಗೆ ಅತಿಥಿಯೊಬ್ಬರಿಗೆ ಒಪ್ಪಿಸಿದೆ. ಆತ ಪೂರ್ತಿ ಕೇಳಿಸಿಕೊಂಡು ನಕ್ಕು, "ಇದು ನಿನ್ನ ಪಟ್ಟಿ ಮಾರಾಯ. ನಂದು ಬ್ಯಾರೇನೇ ಅದ" ಎಂದ. ಅಂದಿನಿಂದ ನನ್ನ ಪಟ್ಟಿ ಬಾಯಿಗೆ ಸಲೀಸಾಗಿ ಬರುವುದಿಲ್ಲ. ಎರಡು ಪಟ್ಟಿಗಳ ನಡುವಿನ ಅಂತರ ಏನೆಂಬುದನ್ನು ಹೇಳಲು ಈ ಬರಹ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಮ್ಮ ಕಡೆ ಹೋಟೆಲು ಬೇರೆ, ಖಾನಾವಳಿ ಬೇರೆ. ಹೋಟೆಲಿನಲ್ಲಿ ಚಹಾ, ಸುಸಲಾ, ಮಿರ್ಚಿ ಭಜಿ. ಅಲ್ಲಿ ಜನ ಕೂಡ್ರುವುದು ಮಾತಿಗೆ. ಖಾನಾವಳಿಯಲ್ಲಿ ಕೂಡ್ರುವುದು ಹಸಿವಿಗೆ. ಮರಾಠಿಯ ಖಾನಾವಳ ಗಡಿ ದಾಟಿ ನಮ್ಮಲ್ಲಿ ಖಾನಾವಳಿಯಾಗಿದೆ. ಬಿಸಿ ಜೋಳದ ರೊಟ್ಟಿ, ಎಣ್ಣಿಗಾಯಿ, ಪುಂಡಿ ಪಲ್ಯ, ಜುಣಕ, ಕಾಳು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಹಸಿ ಉಳ್ಳಾಗಡ್ಡಿ, ಸವತೆಕಾಯಿ, ಗಟ್ಟಿ ಮೊಸರು, ಕೊನೆಗೆ ಒಂದು ಮುಷ್ಟಿ ಅನ್ನ, ತೊಗರಿಬ್ಯಾಳಿ ಸಾರು. ಇಷ್ಟು ಇದ್ದರೆ ಅದು ಖಾನಾವಳಿ. ಬೋರ್ಡು ಇರಲೇಬೇಕೆಂದೇನಿಲ್ಲ. ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳವೇ ಬೋರ್ಡು.

ಕನ್ನಡದಲ್ಲಿ ಹೋಟೆಲುಗಳ ಇತಿಹಾಸ ಬರೆದವರು ಇದ್ದಾರೆ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ 1924ರಲ್ಲಿ ಶುರುವಾಯಿತು, ಮುಂಬಯಿಯ ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಊಟದ ಮನೆ ತೆರೆದರು ಎಂಬುದೆಲ್ಲ ದಾಖಲೆಯಲ್ಲಿದೆ. ಆದರೆ ಆಳಂದದ ಮೊದಲ ಖಾನಾವಳಿ ಯಾವುದು, ಅಫಜಲಪುರದಲ್ಲಿ ಮೊದಲು ರೊಟ್ಟಿ ಮಾರಿದವರು ಯಾರು ಎಂದು ಕೇಳಿದರೆ ಹಿರಿಯರು, "ಒಬ್ಬಾಕಿ ಅಮ್ಮ ಇದ್ದಳ್ರಿ" ಎಂದು ಮುಗಿಸುತ್ತಾರೆ. ಹೆಸರು ಬರುವುದಿಲ್ಲ. ಇದಕ್ಕೆ ಕಾರಣ ಜೋಳದಲ್ಲಿಯೇ ಇದೆ ಎಂದು ನನ್ನ ಅನಿಸಿಕೆ.

ಗೋಧಿ ಹಿಟ್ಟಿನಲ್ಲಿ ಅಂಟಿದೆ. ಎಳೆದರೆ ಹಿಗ್ಗುತ್ತದೆ, ಲಟ್ಟಿಸಿದರೆ ತೆಳ್ಳಗಾಗುತ್ತದೆ. ಜೋಳದ ಹಿಟ್ಟಿಗೆ ಆ ಗುಣವಿಲ್ಲ. ಕುದಿಯುವ ನೀರು ಹಾಕಿ, ಕೈ ಸುಡುವಾಗಲೇ ನಾದಿ, ಒಂದೊಂದೇ ಉಂಡೆಯನ್ನು ಅಂಗೈಯಿಂದ ಬಡಿದು ದುಂಡಗೆ ಮಾಡಬೇಕು. ಹಂಚಿಗೆ ಹಾಕಿದ ಮೇಲೆ ನೀರು ಸವರಿ, ತಿರುವಿ, ಕೆಂಡದ ಮುಂದೆ ನಿಲ್ಲಿಸಿ ಉಬ್ಬಿಸಬೇಕು. ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಅಂಚಿನಲ್ಲಿ ಹರಿಯುತ್ತದೆ. ಇಡ್ಲಿಯ ಹಿಟ್ಟನ್ನು ರಾತ್ರಿ ಕೊಪ್ಪರಿಗೆಯಲ್ಲಿ ಕಲಸಿಟ್ಟು ಬೆಳಿಗ್ಗೆ ನೂರು ಜನರಿಗೆ ಒಮ್ಮೆಲೇ ಬೇಯಿಸಬಹುದು. ರೊಟ್ಟಿಗೆ ಅಂಥ ಸುಲಭದ ದಾರಿ ಇಲ್ಲ. ನೂರು ರೊಟ್ಟಿ ಎಂದರೆ ನೂರು ಸಲ ಬಡಿಯುವುದೇ. ಈ ವಿದ್ಯೆ ಏಳೆಂಟು ವರ್ಷದಿಂದಲೇ ಒಲೆಯ ಮುಂದೆ ಕೂತ ಹೆಣ್ಣುಮಕ್ಕಳ ಕೈಯಲ್ಲಿತ್ತು. ಊರು ಬಿಟ್ಟು ಬಂದು ಹೋಟೆಲು ತೆರೆಯುವ ಗಂಡಸರ ಕೈಯಲ್ಲಿ ಇರಲಿಲ್ಲ. ಹೀಗಾಗಿ ಉಡುಪಿಯ ಹೋಟೆಲು ಗಂಡಸರ ಉದ್ಯಮವಾಗಿ ಬೆಳೆಯಿತು, ಹೆಸರು ಪಡೆಯಿತು, ಶಾಖೆ ತೆರೆಯಿತು. ನಮ್ಮ ಖಾನಾವಳಿ ಒಬ್ಬಾಕೆಯ ರಟ್ಟೆಗೆ ಎಷ್ಟು ಬಲವಿತ್ತೋ ಅಷ್ಟೇ ದೊಡ್ಡದಾಯಿತು. ರಟ್ಟೆ ಸೋತ ದಿನ ಮುಚ್ಚಿತು.

ಉಣ್ಣುವವರು ಎಲ್ಲಿಂದ ಬಂದರು? ನನ್ನ ಅಜ್ಜನ ಕಾಲಕ್ಕೆ ಊರು ಬಿಟ್ಟು ಹೋಗುವವರು ಬುತ್ತಿ ಕಟ್ಟಿಕೊಂಡೇ ಹೋಗುತ್ತಿದ್ದರು. ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಹಿಂಡಿ ತಿಂಗಳು ಇರುತ್ತದೆ. ಬುತ್ತಿಯ ಹಿಂದೆ ಉಳಿತಾಯದ ಲೆಕ್ಕ ಮಾತ್ರ ಇರಲಿಲ್ಲ. ಯಾರದೋ ಕೈಯ ಅಡಿಗೆ ಉಂಡು ಜಾತಿ ಕೆಡಿಸಿಕೊಳ್ಳಬಾರದೆಂಬ ಅಂಜಿಕೆಯೂ ಆ ಗಂಟಿನಲ್ಲಿತ್ತು. ಮುಂಬಯಿಯಿಂದ ಹೊರಟ ರೈಲುದಾರಿ ಸೊಲ್ಲಾಪುರ, ಗುಲಬರ್ಗಾ, ವಾಡಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ದಾರಿಯನ್ನು ಕೂಡಿತು. ಆಳಂದ, ಅಫಜಲಪುರ, ಜೇವರ್ಗಿ ಊರುಗಳನ್ನು ಆ ರೈಲು ಮುಟ್ಟಲಿಲ್ಲ. ಇವು ಕಚೇರಿಯ ಊರುಗಳಾಗಿ ಬೆಳೆದವು. ನಿಜಾಮರ ರಾಜ್ಯದಲ್ಲಿ ತಹಸೀಲು, ಕೋರ್ಟು, ಠಾಣೆ ಎಲ್ಲವೂ ಉರ್ದುವಿನಲ್ಲಿ ನಡೆಯುತ್ತಿದ್ದವು. ಹಳ್ಳಿಯ ರೈತ ಪೇಶಿಗೆ ಬಂದರೆ ಅರ್ಜಿ ಬರೆಸಲು ಒಂದು ದಿನ, ಸಾಹೇಬರು ಸಿಗಲು ಎರಡು ದಿನ. ಬುತ್ತಿ ಮುಗಿದ ಮೇಲೆ ಏನು ಮಾಡಬೇಕು? ಆಗ ಕಚೇರಿಯ ಹಿಂದಿನ ಓಣಿಯಲ್ಲಿ ಯಾವುದೋ ಮನೆಯ ಬಾಗಿಲು ತೆರೆದಿತು.

ನನ್ನ ಅಜ್ಜ ಅಂಥ ಮನೆಯೊಂದರಲ್ಲಿ ಹಾಲಿ ಸಿಕ್ಕಾದ ಚಿಲ್ಲರೆ ಕೊಟ್ಟು ಉಂಡದ್ದನ್ನು ಸಾಯುವವರೆಗೂ ಹೇಳುತ್ತಿದ್ದ. ಹಾಲಿ ಸಿಕ್ಕಾ ಎಂದರೆ ನಿಜಾಮರ ನಾಣ್ಯ. ಅದರ 7 ರೂಪಾಯಿ ಬ್ರಿಟಿಷರ ಸುಮಾರು 6 ರೂಪಾಯಿಗೆ ಸಮ. ಆಳಂದದಿಂದ ಸೊಲ್ಲಾಪುರದ ಗಿರಣಿಗೆ ಕೆಲಸಕ್ಕೆ ಹೋಗುವವರು ನಾಣ್ಯವನ್ನೂ ಬದಲಿಸಬೇಕಿತ್ತು. ಅಜ್ಜನಿಗೆ ನೆನಪಿದ್ದದ್ದು ನಾಣ್ಯಕ್ಕಿಂತ ಹೆಚ್ಚಾಗಿ ಆ ಮನೆಯಾಕೆ ಕೇಳಿದ ಮೊದಲ ಮಾತು. "ಯಾವ ಊರು, ಯಾರ ಪೈಕಿ?" ಊರು ಹೇಳಿದ, ಪೈಕಿ ಹೇಳಿದ. ಆಮೇಲೆ ತಾಟು ಬಂತು.

ಬಾಗಿಲು ತೆರೆದವರು ಬಹುಮಟ್ಟಿಗೆ ಒಂಟಿ ಹೆಣ್ಣುಮಕ್ಕಳು. ಗಂಡ ಸತ್ತವರು, ಗಂಡ ಬಿಟ್ಟವರು, ಗಂಡ ಗಿರಣಿಗೆಂದು ಹೋಗಿ ತಿರುಗಿ ಬಾರದವರು. ಹೊಲವಿಲ್ಲ, ಓದಿಲ್ಲ; ಇದ್ದದ್ದು ಒಲೆ, ಹಂಚು, ಕೈ. ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಕೊಂಕಣ, ಘಾಟಿನ ಗಂಡಸರಿಗೆ ಉಣ್ಣಿಸಿದ ಖಾನಾವಳಗಳ ಕಥೆಯೂ ಇದೇ. ಅಲ್ಲಿಯ ಹೆಣ್ಣುಮಕ್ಕಳನ್ನು ಕೂಡಿಸಿ ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. ಸಾಲಗಾರರ ಕೈಯಿಂದ ಬಿಡಿಸಿ ಬ್ಯಾಂಕಿನ ಸಾಲ ಕೊಡಿಸಿದರು. ನಮ್ಮ ತಾಲ್ಲೂಕುಗಳಲ್ಲಿ ಆ ಹೊತ್ತಿಗೆ ಹಾಗೆ ಕೂಡಿಸುವವರು ಯಾರೂ ಬರಲಿಲ್ಲ. ಇಲ್ಲಿ ಒಬ್ಬೊಬ್ಬರೇ ದುಡಿದು ಒಬ್ಬೊಬ್ಬರೇ ಮುಗಿದರು.

ಅಂಥವರಲ್ಲಿ ಒಬ್ಬಳು ಆಳಂದದ ನಮ್ಮ ಅವ್ವ. 1976ರಲ್ಲಿ ನನಗೂ, ಜೇವರ್ಗಿ ಕಡೆಯ ಆ ಗೆಳೆಯನಿಗೂ ಆಳಂದದಲ್ಲಿ ಮಾಸ್ತರಿಕೆ ಸಿಕ್ಕಿತು. ಒಂದೇ ಕೋಣೆ ಬಾಡಿಗೆ ಹಿಡಿದೆವು, ಒಂದೇ ಖಾನಾವಳಿಗೆ ಹಚ್ಚಿಕೊಂಡೆವು. ಎರಡು ಹೊತ್ತಿನ ಊಟಕ್ಕೆ ತಿಂಗಳಿಗೆ 60 ರೂಪಾಯಿ. ಮೂರು ಮಕ್ಕಳ ವಿಧವೆ. ನಸುಕಿನ ನಾಲ್ಕಕ್ಕೆ ಎದ್ದು ಹಿಟ್ಟು ನಾದುತ್ತಿದ್ದಳು. ಆಕೆಯ ರೊಟ್ಟಿಯನ್ನು ಎತ್ತಿ ಹಿಡಿದರೆ ಆಚೆಯ ಬೆಳಕು ಕಾಣುತ್ತಿತ್ತು. ನಾಲ್ಕು ವರ್ಷದ ಹಿಂದೆ, 1972ರ ಬರದಲ್ಲಿ, ಪರದೇಶದ ಕೆಂಪು ಜೋಳದ ರೊಟ್ಟಿಯನ್ನು ಕಣ್ಣುಮುಚ್ಚಿ ನುಂಗಿದ್ದ ನನಗೆ ಆಕೆಯ ಮಾಲದಂಡಿ ಜೋಳದ ಬಿಳಿ ರೊಟ್ಟಿ ಹಬ್ಬವಾಗಿತ್ತು. "ಇನ್ನೊಂದು ಹಾಕ್ಲೇನು ತಮ್ಮಾ? ಮಾಸ್ತರಿಕಿ ಅಂದ್ರ ಒದರೂ ಕೆಲಸ, ಉಣ್ಣು" ಎನ್ನುತ್ತಿದ್ದಳು. ತಿಂಗಳ ಕೊನೆಗೆ ಪಗಾರ ತಡವಾದರೆ ಕೇಳುತ್ತಿರಲಿಲ್ಲ. ಜ್ವರ ಬಂದರೆ ಮಗನ ಕೈಯಲ್ಲಿ ಅಂಬಲಿ ಕಳಿಸುತ್ತಿದ್ದಳು. ನನ್ನ ಬಾಯಿಪಾಠದ ಪಟ್ಟಿಯಲ್ಲಿ ಮೊದಲ ಹೆಸರು ಈ ಖಾನಾವಳಿಯದು. ಅದು ಮುಚ್ಚಿ ಎಷ್ಟೋ ವರ್ಷವಾದ ಮೇಲೂ ಅದನ್ನೇ ಮೊದಲು ಹೇಳುತ್ತಿದ್ದೆ.

ನನ್ನ ಗೆಳೆಯ ಯಾವಾಗಲೂ ನನಗಿಂತ ಅರ್ಧ ತಾಸು ತಡಮಾಡಿ ಉಣ್ಣಲು ಹೋಗುತ್ತಿದ್ದ. "ನೀ ನಡಿ, ನಾ ಬರ್ತೀನಿ" ಎನ್ನುತ್ತಿದ್ದ. ಪಾಠದ ತಯಾರಿ ಇರಬೇಕೆಂದುಕೊಂಡಿದ್ದೆ. ಎರಡನೆಯ ವರ್ಷ ಒಂದು ದಿನ ಕಚೇರಿಯ ಕೆಲಸ ಮುಗಿಸಿ ನಾನೂ ತಡವಾಗಿ ಹೋದೆ. ಆತ ಹೊರಗಿನ ಜಗಲಿಯ ಮೂಲೆಯಲ್ಲಿ ಕೂತಿದ್ದ. ಅವ್ವ ಬಾಗಿಲ ಒಳಗೆ ನಿಂತು ಮೇಲಿನಿಂದ ಆತನ ತಾಟಿಗೆ ರೊಟ್ಟಿ ಬಿಡುತ್ತಿದ್ದಳು. ಉಂಡಾದ ಮೇಲೆ ಆತ ತನ್ನ ತಾಟು ತಾನೇ ತೊಳೆದು, ಜಗಲಿಯ ಮಾಡದಲ್ಲಿ ಬೇರೆಯಾಗಿ ಇಟ್ಟ. ನನ್ನನ್ನು ನೋಡಿ ಸಣ್ಣಗೆ ನಕ್ಕ. ನಾನು ಒಳಗೆ ಹೋಗಿ, ಮಣೆಯ ಮೇಲೆ ಕೂತು, ನಾಲ್ಕು ರೊಟ್ಟಿ ಉಂಡು ಬಂದೆ. ಏನೂ ಮಾತಾಡಲಿಲ್ಲ.

ರಾತ್ರಿ ಕೋಣೆಯಲ್ಲಿ ಕೇಳಿದಾಗ ಆತ, "ಒಂದು ವರ್ಷ ಆತು, ನೀ ನೋಡಿದ್ದಿಲ್ಲೇನು?" ಎಂದಷ್ಟೇ ಹೇಳಿ ದೀಪ ಆರಿಸಿದ. ಮರುದಿನ ಅವ್ವನನ್ನು ಕೇಳಿದೆ. ಆಕೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತ, "ನಾ ಏನು ಮಾಡ್ಲಿ ತಮ್ಮಾ? ಅವಂಗ ಒಳಗ ಕೂಡಸಿದ್ರ ನಾಳಿಗಿ ಹತ್ತು ತಾಟು ಕಡಿಮಿ ಆಗ್ತಾವ. ಮೂರು ಮಕ್ಕಳವ ನನಗ. ನೀ ಮತ್ತ ಆ ಹತ್ತು ಮಂದೀಗಿ ಹೇಳು, ನಾ ಒಳಗ ಕೂಡಸ್ತೀನಿ" ಎಂದಳು. ಆ ಹತ್ತು ಜನರಲ್ಲಿ ನಮ್ಮ ಸಹೋದ್ಯೋಗಿಗಳಿದ್ದರು, ಕಚೇರಿಯ ಗುಮಾಸ್ತರಿದ್ದರು. ನಾನು ಒಬ್ಬರಿಗೂ ಹೇಳಲಿಲ್ಲ. ಗೆಳೆಯ ಆ ತಿಂಗಳ ಲೆಕ್ಕ ತೀರಿಸಿ ಅಲ್ಲಿಗೆ ಹೋಗುವುದನ್ನು ಬಿಟ್ಟ. ನಾನು 1979ರಲ್ಲಿ ವರ್ಗವಾಗುವವರೆಗೂ ಅಲ್ಲಿಯೇ ಉಂಡೆ. "ನಿನ್ನ ಗೆಳ್ಯಾ ಬರವಲ್ಲಲ್ಲ?" ಎಂದು ಆಕೆ ಆಗಾಗ ಕೇಳುತ್ತಿದ್ದಳು. ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದೆ.

ಆಗ ಕಾನೂನು ಇರಲಿಲ್ಲವೆಂದಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 15ನೆಯ ವಿಧಿಯಲ್ಲಂತೂ ಅಂಗಡಿ, ಉಪಾಹಾರ ಗೃಹ, ಹೋಟೆಲುಗಳ ಮಾತೇ ಇದೆ. ಜಾತಿ, ಧರ್ಮದ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯುವಂತಿಲ್ಲ. ದೇಶದ ಮೂಲ ಕಾನೂನನ್ನು ಬರೆಯುವಾಗ ಊಟದ ಮನೆಯ ಬಾಗಿಲಿನ ಬಗ್ಗೆ ಬರೆಯಬೇಕಾಯಿತು ಎಂದರೆ ಆ ಬಾಗಿಲು ಎಷ್ಟು ಭದ್ರವಾಗಿ ಮುಚ್ಚಿತ್ತೆಂಬುದನ್ನು ಊಹಿಸಬಹುದು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂತು. ಅದನ್ನು ಬಿಗಿ ಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಹೆಸರಿಟ್ಟದ್ದು 1976ರಲ್ಲಿ, ನಾವಿಬ್ಬರೂ ಆಳಂದಕ್ಕೆ ಬಂದ ವರ್ಷವೇ. ಶಾಲೆಯಲ್ಲಿ ನಾನು ಮಕ್ಕಳಿಗೆ ಪೌರನೀತಿ ಹೇಳಿಕೊಡುತ್ತಿದ್ದೆ.

ಗೆಳೆಯ ಆಮೇಲೆ ಉಂಡದ್ದು ಬಸ್ ನಿಲ್ದಾಣದ ಹತ್ತಿರದ ಮುಸಲ್ಮಾನರ ಹೋಟೆಲಿನಲ್ಲಿ. ಲಾಡ್ಲೆ ಮಶಾಕರ ದರ್ಗಾಕ್ಕೆ ಬರುವ ಜನರಿಂದಾಗಿ ಆಳಂದದಲ್ಲಿ ಅಂಥ ಹೋಟೆಲುಗಳಿಗೆ ಎಂದೂ ಗಿರಾಕಿ ಕಡಿಮೆಯಿಲ್ಲ. ಅಲ್ಲಿ ಉದ್ದನೆಯ ಒಂದೇ ಬೆಂಚು, ಎಲ್ಲರಿಗೂ ಒಂದೇ ಥರದ ಕಪ್ಪು ಬಸಿ. ಬೆಳಿಗ್ಗೆ ಬಿಸಿ ತಹರಿ. ಅರಿಶಿನ ಬಣ್ಣದ ಅನ್ನದಲ್ಲಿ ಮಾಂಸದ ತುಣುಕು, ಮೇಲೆ ಖಾರದ ಚಟ್ನಿ. ಕಲಬುರಗಿಯ ಕಡೆ ಎಷ್ಟೋ ಕೂಲಿಕಾರರ ದಿನ ಇಂದಿಗೂ ತಹರಿಯಿಂದಲೇ ಶುರುವಾಗುತ್ತದೆ. ಗಲ್ಲಾದ ಮೇಲೆ ಕೂತ ಚಾಚಾ ಮೊದಲ ದಿನ ಆತನಿಗೆ ಕೇಳಿದ್ದು, "ಏನು ಕೊಡ್ಲಿ ಮಾಸ್ತರ?" ಎಂದು ಮಾತ್ರ. "ಯಾರ ಪೈಕಿ ಅಂತ ಕೇಳಲಿಲ್ಲ ನೋಡು. ಆ ತಹರಿ ರುಚಿ ನನಗ ಇನ್ನೂ ಅದ" ಎಂದು ಗೆಳೆಯ ಹೇಳುತ್ತಾನೆ. ಆತನ ಪಟ್ಟಿಯಲ್ಲಿ ಮೊದಲ ಹೆಸರು ಅದು. ಅದೇ ಓಣಿಯಲ್ಲಿ ಮೂರು ವರ್ಷ ಓಡಾಡಿದ ನಾನು ಆ ಹೋಟೆಲಿನ ಮೆಟ್ಟಿಲು ಹತ್ತಿರಲಿಲ್ಲ. ಆತನಿಗೆ ನನ್ನ ಖಾನಾವಳಿಯ ಬಾಗಿಲನ್ನು ಬೇರೆಯವರು ಮುಚ್ಚಿದ್ದರು. ಈ ಬಾಗಿಲನ್ನು ನನಗೆ ನಾನೇ ಮುಚ್ಚಿಕೊಂಡಿದ್ದೆ.

ದುಡ್ಡು ಕೊಡುವ ಊಟಕ್ಕಿಂತ ಹಳೆಯ ಊಟವೊಂದು ನಮ್ಮ ಸೀಮೆಯಲ್ಲಿದೆ. ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ, ಅಮರ್ಜಾ ನದಿಗಳು ಕೂಡುವ ಗಾಣಗಾಪುರಕ್ಕೆ ಬನ್ನಿ. ಆಳಂದದ ಕಡೆ ಹುಟ್ಟಿದ ಅಮರ್ಜಾ ಅಲ್ಲಿ ಭೀಮೆಗೆ ಸೇರುತ್ತಾಳೆ. ಮಧ್ಯಾಹ್ನವಾದರೆ ಕಾರಿನಲ್ಲಿ ಬಂದ ಶ್ರೀಮಂತರೂ ಜೋಳಿಗೆ ಹಿಡಿದು ಐದು ಮನೆಗೆ ಮಧುಕರಿ ಬೇಡುತ್ತಾರೆ. ದತ್ತಾತ್ರೇಯನೇ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿಂದ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಒಂದು ಮನೆಯ ರೊಟ್ಟಿ, ಇನ್ನೊಂದು ಮನೆಯ ಪಲ್ಯ, ಮತ್ತೊಂದರ ಅನ್ನ. ಅಲ್ಲಿದ್ದ ನನ್ನ ಸೋದರತ್ತೆ ನಡುಹಗಲಿಗೆ ಎರಡು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದಳು. "ಯಾರು ಬಂದಾರ ಅಂತ ಕೇಳಬಾರದು" ಎನ್ನುತ್ತಿದ್ದಳು. ಆ ಒಂದು ತಾಸು ಕಳೆದ ಮೇಲೆ ಅದೇ ಅತ್ತೆ, ಬಾಗಿಲಿಗೆ ಬಂದವರ ಪೈಕಿ ಕೇಳಿಯೇ ನೀರು ಕೊಡುತ್ತಿದ್ದಳು.

ಜೇವರ್ಗಿಯ ಕಡೆ ಇನ್ನೊಂದು ಪರಂಪರೆ. ಕಲಬುರಗಿಯಲ್ಲಿ ದೊಡ್ಡ ಗುಡಿಯಿರುವ ಶರಣಬಸವೇಶ್ವರರು (1746-1822) ಹುಟ್ಟಿದ್ದು ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ. ಮೊದಲು ಅಲ್ಲಿಯೇ ದಾಸೋಹ ನಡೆಸಿ ಆಮೇಲೆ ಕಲಬುರಗಿಗೆ ಬಂದರು. ಬಂದವರಿಗೆಲ್ಲ ಉಣ್ಣಿಸುವುದೇ ಪೂಜೆ ಎಂಬ ಆ ನಡೆ ಇಂದಿಗೂ ಉಳಿದಿದೆ. ಅದೇ ಪಟ್ಟಣದಲ್ಲಿ 1422ರಲ್ಲಿ ತೀರಿಕೊಂಡ ಖಾಜಾ ಬಂದೇನವಾಜರ ದರ್ಗಾ ಇದೆ, ಅಲ್ಲಿಯೂ ಹಸಿದವರಿಗೆ ಅನ್ನವಿದೆ. ಹನ್ನೆರಡನೆಯ ಶತಮಾನದ ಏಕಾಂತದ ರಾಮಯ್ಯನ ಊರು ನಮ್ಮ ಆಳಂದವೇ. ಇಷ್ಟೆಲ್ಲ ದೊಡ್ಡವರು ನಡೆದಾಡಿದ ನೆಲದಲ್ಲಿ ಜಗಲಿಯ ಮಾಡದಲ್ಲಿ ಒಂದು ತಾಟು ಬೇರೆಯಾಗಿ ಉಳಿಯಿತು. ಹಬ್ಬದ ದಿನದ ಪಂಕ್ತಿಯಲ್ಲಿ ಕೂಡ್ರುವುದು ಸುಲಭ. ದಿನದ ಊಟದಲ್ಲಿ ಕೂಡ್ರಿಸುವುದು ಕಷ್ಟ.

ಈಗ ಕಾಲ ಬದಲಾಗಿದೆ. ಕಟ್ಟಿಸಂಗಾವಿಯಲ್ಲಿ ಭೀಮೆಯ ಸೇತುವೆ ದಾಟಿ ಜೇವರ್ಗಿಗೆ ಬಂದರೆ ವಿಜಯಪುರದ ದಾರಿ, ಶಹಾಪುರದ ದಾರಿ ಬೇರೆಯಾಗುವಲ್ಲಿ ಧಾಬಾಗಳ ಸಾಲೇ ಇದೆ. ಅಲ್ಲಿ ಲಾರಿಯವರು, ವಿದ್ಯಾರ್ಥಿಗಳು, ಅಧಿಕಾರಿಗಳು ಒಂದೇ ಮೇಜಿಗೆ ಕೂಡುತ್ತಾರೆ. ಪೈಕಿ ಕೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಇದು ಸಣ್ಣ ಲಾಭವಲ್ಲ. ಆದರೆ ತಾಟಿನಲ್ಲಿ ರೊಟ್ಟಿ ಕಡಿಮೆಯಾಗಿದೆ. ಮುಂಗಾರಿನಲ್ಲಿ ತೊಗರಿ ಬಿತ್ತಿದ ಹೊಲ ಖಾಲಿಯಾಗುವುದು ಡಿಸೆಂಬರ್, ಜನವರಿಗೆ. ಅದರಲ್ಲಿ ಹಿಂಗಾರಿಯ ಬಿಳಿಜೋಳ ಬಿತ್ತಲು ಬರುವುದಿಲ್ಲ. ತೊಗರಿಗೆ ದುಡ್ಡಿದೆ, 2019ರಲ್ಲಿ ನಮ್ಮ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. 2013ರ ಅನ್ನಭಾಗ್ಯದಿಂದ ಬಡವರ ಮನೆಗೆ ಅಕ್ಕಿ ಬಂತು, ಹಸಿವು ಹೋಯಿತು, ರೊಟ್ಟಿ ಬಡಿಯುವ ಸಪ್ಪಳವೂ ಕಡಿಮೆಯಾಯಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಪಟ್ಟಣದವರು ನಮ್ಮ ಜೋಳವನ್ನು ಹುಡುಕಿಕೊಂಡು ಬಂದರು. ಈಗ ಮಹಿಳಾ ಸ್ವಸಹಾಯ ಸಂಘಗಳ ರೊಟ್ಟಿ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ದೂರದ ಊರುಗಳಿಗೆ ಹೋಗುತ್ತಿದೆ. ಹೆಸರಿಲ್ಲದೆ ಬಡಿದ ಕೈಗಳಿಗೆ ಕೊನೆಗೂ ಒಂದು ಹೆಸರು ಬಂತಲ್ಲ ಎಂದು ಸಂತೋಷವಾಗುತ್ತದೆ. ಕೆಲವೆಡೆ ಯಂತ್ರವೂ ಬಂದಿದೆ. ಮಣಿಕಟ್ಟು ನೋಯಿಸಿಕೊಂಡ ಅವ್ವಂದಿರನ್ನು ಕಂಡ ನಾನು ಯಂತ್ರವನ್ನು ಹಳಿಯಲಾರೆ.

ನಿವೃತ್ತಿಯ ನಂತರ ಒಮ್ಮೆ ನಾವಿಬ್ಬರೂ ಕೂಡಿ ಆಳಂದಕ್ಕೆ ಹೋದೆವು. ಅವ್ವನ ಖಾನಾವಳಿ ಇದ್ದ ಜಾಗದಲ್ಲಿ ಮೊಬೈಲಿನ ಅಂಗಡಿ ಇತ್ತು. ಜಗಲಿ ಒಡೆದು ಶೆಟರು ಹಾಕಿದ್ದರು. ಮಕ್ಕಳು ಪುಣೆಯ ಕಡೆ ಹೋದರೆಂದೂ, ಆಕೆ ತೀರಿ ಬಹಳ ವರ್ಷವಾಯಿತೆಂದೂ ಪಕ್ಕದವರು ಹೇಳಿದರು. ನಾಲ್ವತ್ತು ವರ್ಷ ತಡಮಾಡಿದ ಮಾತನ್ನು ನಾನು ಆಗ ಆಡಿದೆ. "ಅವತ್ತು ನಾನೂ ನಿನ್ನ ಕೂಡ ಜಗಲಿ ಮ್ಯಾಲೆ ಕೂಡಬೇಕಿತ್ತು" ಎಂದೆ. ಗೆಳೆಯ ಬಹಳ ಹೊತ್ತು ಆ ಶೆಟರನ್ನೇ ನೋಡುತ್ತ ನಿಂತ. ಆಮೇಲೆ, "ಹೌದು, ಕೂಡಬೇಕಿತ್ತು" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಆಕಿ ರೊಟ್ಟಿ ಮಾತ್ರ ಛಲೋ ಇರ್ತಿತ್ತು" ಎಂದ. ಇಬ್ಬರೂ ನಡೆದುಕೊಂಡು ಬಸ್ ನಿಲ್ದಾಣದ ಕಡೆ ಹೋದೆವು. ಚಾಚಾನ ಹೋಟೆಲು ಇನ್ನೂ ಇತ್ತು, ಮೊಮ್ಮಗ ಗಲ್ಲಾದ ಮೇಲೆ ಕೂತಿದ್ದ. ನಾನು ಮೊದಲ ಸಲ ಆ ಮೆಟ್ಟಿಲು ಹತ್ತಿದೆ.

ಈಗ ಊಟ ಎಲ್ಲಿ ಛಲೋ ಎಂದು ಕೇಳಿದವರಿಗೆ ಎರಡೂ ಪಟ್ಟಿ ಹೇಳುತ್ತೇನೆ. ಬೆಳಿಗ್ಗೆ ತಹರಿ, ಮಧ್ಯಾಹ್ನ ರೊಟ್ಟಿ. ರೊಟ್ಟಿ ಬಡಿಯುವ ಸಪ್ಪಳ ಕೇಳಿಸುವ ಮನೆಯನ್ನೇ ಆರಿಸಿರಿ, ಉಂಡಾದ ಮೇಲೆ ಒಳಗೆ ಒಮ್ಮೆ ಇಣುಕಿ ಬಡಿದಾಕೆಯ ಹೆಸರು ಕೇಳಿರಿ ಎಂದು ಹೇಳುತ್ತೇನೆ. ನಮ್ಮ ಅವ್ವನ ಹೆಸರನ್ನು ನಾನು ಮೂರು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ.